ಮೆಣಸಿನಕಾಯಿ ಹಂಗಾಮಿನಲ್ಲಿ ಶಾಲೆಗೆ ಬೀಗ ಬೇಡ

ಡಿಸೆಂಬರ್ 2021

ಮಾನ್ಯ ಸಂಪಾದಕರೇ,

ಕೊರೊನಾ ವೈರಾಣುವಿನ ಒಮೈಕ್ರಾನ್ ರೂಪಾಂತರಿಯ ದೇಶದ ಮೊದಲ ಎರಡು ಪ್ರಕರಣಗಳು 2021ರ ಇದೇ ಡಿಸೆಂಬರ್ 2ರಂದು ಬೆಂಗಳೂರಿನಲ್ಲಿ ದೃಢಪಟ್ಟ ಮೇಲೆ, ಶಾಲೆಗಳನ್ನು ಮತ್ತೆ ಮುಚ್ಚುವುದೇ ಕ್ಷೇಮವೆಂಬ ಮಾತು ಎಲ್ಲ ಕಡೆ ಕೇಳಿಬರುತ್ತಿದೆ. ಧಾರವಾಡದ ವೈದ್ಯಕೀಯ ಕಾಲೇಜೊಂದರಲ್ಲಿ ಹಾಗೂ ಚಿಕ್ಕಮಗಳೂರು ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಒಮ್ಮೆಗೇ ಹಲವರಿಗೆ ಸೋಂಕು ತಗುಲಿದ ಸುದ್ದಿ ಆ ಮಾತಿಗೆ ಬಲ ಕೊಟ್ಟಿದೆ. ಆತಂಕ ಬೇಡವೆಂದು ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ಅವರು ಹೇಳಿರುವುದು ಸಮಾಧಾನದ ವಿಷಯವೇ. ಆದರೆ ಈ ವರ್ಷ ಫೆಬ್ರುವರಿ 22ರಂದು ತೆರೆದ 6ರಿಂದ 8ನೇ ತರಗತಿಗಳು ಏಪ್ರಿಲ್ ಮೊದಲ ವಾರದಲ್ಲೇ ಒಂದು ಆದೇಶಕ್ಕೆ ಹೇಗೆ ನಿಂತುಹೋದವೆಂಬುದನ್ನು ಕಂಡವರಿಗೆ ಅಂಥ ಭರವಸೆ ಎಷ್ಟು ದಿನದ್ದೆಂಬ ಅನುಮಾನ ಇದ್ದೇ ಇರುತ್ತದೆ. ರಾಯಚೂರು ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತನಾಗಿ, ಈಗ ನಮ್ಮೂರ ಶಾಲೆಗೆ ಆಗಾಗ ಹೋಗಿ ಕೈಲಾದ ನೆರವು ನೀಡುತ್ತಿರುವ ನಾನು ಹೇಳಬೇಕೆಂದಿರುವುದು ಇಷ್ಟೇ: ಬೆಂಗಳೂರಿನ ಅಂಕಿಗಳನ್ನು ನೋಡಿ ಇಡೀ ರಾಜ್ಯಕ್ಕೆ ಒಂದೇ ಆದೇಶ ಹೊರಡಿಸಿದರೆ, ಅದೂ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿಯಲ್ಲಿ ಹೊರಡಿಸಿದರೆ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಹಳ್ಳಿಯ ಮಕ್ಕಳಲ್ಲಿ ಒಂದು ಪಾಲು ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ.

ನಮ್ಮ ಕಡೆ ಜೂನ್‌ನಲ್ಲಿ ಶಾಲೆ ಮುಚ್ಚುವುದಕ್ಕೂ ಡಿಸೆಂಬರ್‌ನಲ್ಲಿ ಮುಚ್ಚುವುದಕ್ಕೂ ಬಹಳ ಅಂತರವಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಸಿಂಧನೂರು, ಮಾನ್ವಿ ಭಾಗದಲ್ಲಿ ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ ಎರೆ ಹೊಲಗಳಲ್ಲಿ ಹತ್ತಿ ಬಿಡಿಸುವ ಕೆಲಸ ಜೋರಾಗಿರುತ್ತದೆ. ಅದರ ಬೆನ್ನಿಗೇ ಮೆಣಸಿನಕಾಯಿ ಬರುತ್ತದೆ. ಹತ್ತಿ ಬಿಡಿಸುವುದಕ್ಕೆ ಕೂಲಿ ತೂಕದ ಲೆಕ್ಕದಲ್ಲಿ. ತಾಯಿಯ ಜೊತೆ ಹತ್ತು ವರ್ಷದ ಮಗಳೂ ಸಾಲು ಹಿಡಿದರೆ ಸಂಜೆ ತಕ್ಕಡಿಗೆ ಬೀಳುವುದು ಇನ್ನಷ್ಟು ಕಿಲೊ, ಕೈಗೆ ಬರುವುದು ಇನ್ನಷ್ಟು ದುಡ್ಡು. ಶಾಲೆ ನಡೆಯುತ್ತಿದ್ದರೆ, ಮಧ್ಯಾಹ್ನದ ಊಟ ಅಲ್ಲೇ ಸಿಗುತ್ತಿದ್ದರೆ, ಮಗುವನ್ನು ಊರಲ್ಲಿ ಬಿಟ್ಟು ಹೋಗಲು ತಾಯಿಗೆ ಒಂದು ಕಾರಣವಿರುತ್ತದೆ. ಶಾಲೆಯೂ ಇಲ್ಲ, ಊಟವೂ ಇಲ್ಲವೆಂದಾದರೆ ನಸುಕಿನಲ್ಲಿ ಊರ ಅಗಸೆ ಬಾಗಿಲಿಗೆ ಬಂದು ನಿಲ್ಲುವ ಟಂಟಂ ಗಾಡಿಯಲ್ಲಿ ಮಗುವೂ ಹತ್ತಿ ಕೂರುತ್ತದೆ, ಬುತ್ತಿಯ ಗಂಟು ಅದರ ತೊಡೆಯ ಮೇಲೆಯೇ ಇರುತ್ತದೆ. ಹಾಗೆ ಎರಡು ತಿಂಗಳು ಹೋದ ಮಗುವನ್ನು ಕೂಲಿಯಿಂದ ಬಿಡಿಸಿ ಬೆಂಚಿಗೆ ಕರೆತರುವುದು ಎಂಥ ಕಷ್ಟವೆಂಬುದನ್ನು ಯಾವ ಶಿಕ್ಷಕರನ್ನು ಕೇಳಿದರೂ ಹೇಳುತ್ತಾರೆ. ಇನ್ನು ದೇವದುರ್ಗ, ಲಿಂಗಸುಗೂರು ಕಡೆಯ ತಾಂಡಾ ಮತ್ತು ದೊಡ್ಡಿಗಳಲ್ಲಿ ಇದು ಗುಳೆಯ ಕಾಲ. ಈ ಸಲ ನವೆಂಬರ್‌ನ ಅಕಾಲಿಕ ಮಳೆಗೆ ಕಟಾವಿನ ಹಂತದಲ್ಲಿದ್ದ ಬೆಳೆ ನೆಲಕಚ್ಚಿರುವುದರಿಂದ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುವವರ ಸಂಖ್ಯೆ ಹೆಚ್ಚಬಹುದೇ ಹೊರತು ಕಡಿಮೆಯಾಗಲಾರದು. ಊರಿನ ಶಾಲೆ ತೆರೆದಿದ್ದರೆ ಅಜ್ಜಿಯ ಬಳಿ ಉಳಿಯುತ್ತಿದ್ದ ಮಕ್ಕಳು, ಶಾಲೆ ಮುಚ್ಚಿದರೆ ತಂದೆ ತಾಯಿಯ ಜೊತೆಗೇ ಬಸ್ಸು ಹತ್ತುತ್ತಾರೆ.

ಇದಕ್ಕೆ ಇನ್ನೊಂದು ಸಂಗತಿ ಸೇರಿಕೊಂಡಿದೆ. ಕೊರೊನಾದ ಎರಡೂ ವರ್ಷ ಪರೀಕ್ಷೆಯಿಲ್ಲದೆ 1ರಿಂದ 9ನೇ ತರಗತಿಯ ಎಲ್ಲರನ್ನೂ ಮುಂದಿನ ತರಗತಿಗೆ ಕಳುಹಿಸಲಾಗಿದೆ. ಆ ಸಂದರ್ಭದಲ್ಲಿ ಅದು ಸರಿಯಾದ ತೀರ್ಮಾನವೇ. ಪರೀಕ್ಷೆ ಮಾಡಿ ಫೇಲು ಮಾಡಬೇಕಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಅದರ ಫಲವಾಗಿ ಮಗು ಹೊಲದಲ್ಲಿದ್ದರೂ ಹೆಸರು ಮಾತ್ರ ವಿದ್ಯಾರ್ಥಿಗಳ ದಾಖಲೆ ಇಡುವ ಸ್ಯಾಟ್ಸ್ ತಂತ್ರಾಂಶದಲ್ಲಿ ವರ್ಷದಿಂದ ವರ್ಷಕ್ಕೆ ಮೇಲೇರುತ್ತದೆ. ದಾಖಲೆಯಲ್ಲಿ ಶಾಲೆ ಬಿಟ್ಟ ಮಗುವೇ ಕಾಣದಿದ್ದಾಗ ಹುಡುಕುವವರು ಯಾರನ್ನು ಹುಡುಕಬೇಕು? ಎಂಟು, ಒಂಬತ್ತನೇ ತರಗತಿಯ ಹೆಣ್ಣುಮಕ್ಕಳ ವಿಷಯದಲ್ಲಂತೂ ಹೀಗೆ ಕಾಣೆಯಾಗುವುದೆಂದರೆ ಬಹಳ ಸಲ ಮದುವೆಯೆಂದೇ ಅರ್ಥ. 1098 ಮಕ್ಕಳ ಸಹಾಯವಾಣಿಗೆ ಕರೆ ಹೋಗಬೇಕಾದರೂ ತರಗತಿಯಲ್ಲಿ ಆ ಹುಡುಗಿಯ ಜಾಗ ಖಾಲಿಯಿದೆ ಎಂಬುದನ್ನು ಯಾರಾದರೂ ಗಮನಿಸಬೇಕಲ್ಲವೇ?

ತೆರೆಯುವ ಕ್ರಮದಲ್ಲೂ ನಾವು ಹಿಂದುಮುಂದು ಮಾಡಿದೆವೆಂಬುದು ನನ್ನ ಅಭಿಪ್ರಾಯ. ಕಳೆದ ಜೂನ್ ಮತ್ತು ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ನಾಲ್ಕನೇ ಸಮೀಕ್ಷೆಯಲ್ಲಿ 6ರಿಂದ 9 ವರ್ಷದ ಮಕ್ಕಳಲ್ಲಿ ಶೇ 57.2ರಷ್ಟು, 10ರಿಂದ 17 ವರ್ಷದವರಲ್ಲಿ ಶೇ 61.6ರಷ್ಟು ಮಂದಿಯಲ್ಲಿ ಆಗಲೇ ಪ್ರತಿಕಾಯಗಳು ಕಂಡುಬಂದಿದ್ದವು. ಅಂದರೆ ಮನೆಯಲ್ಲೇ ಇದ್ದ ಮಕ್ಕಳಿಗೂ ಸೋಂಕು ಬಂದು ಹೋಗಿತ್ತು. ಅದೇ ಸಂದರ್ಭದಲ್ಲಿ ಮಂಡಳಿಯ ಮಹಾನಿರ್ದೇಶಕರು, ಸಣ್ಣ ಮಕ್ಕಳು ಈ ವೈರಾಣುವನ್ನು ದೊಡ್ಡವರಿಗಿಂತ ಚೆನ್ನಾಗಿ ತಾಳಿಕೊಳ್ಳಬಲ್ಲರು, ಆದ್ದರಿಂದ ತೆರೆಯುವುದಾದರೆ ಪ್ರಾಥಮಿಕ ಶಾಲೆಗಳನ್ನು ಮೊದಲು ತೆರೆಯುವುದು ಸೂಕ್ತವೆಂದಿದ್ದರು. ನಮ್ಮಲ್ಲಿ ಆಗಸ್ಟ್ 23ಕ್ಕೆ 9ರಿಂದ 12, ಸೆಪ್ಟೆಂಬರ್ 6ಕ್ಕೆ 6ರಿಂದ 8, ಕೊನೆಗೆ ಅಕ್ಟೋಬರ್ 25ಕ್ಕೆ 1ರಿಂದ 5 ತೆರೆದವು. ಮೊಬೈಲ್ ಹಿಡಿದು ತಾನಾಗಿಯೇ ಅಷ್ಟಿಷ್ಟು ಕಲಿಯಬಲ್ಲ ಪಿಯುಸಿ ವಿದ್ಯಾರ್ಥಿ ಮೊದಲು ಬಂದ. ಎದುರಿಗೆ ಶಿಕ್ಷಕಿ ಇಲ್ಲದೆ ಒಂದಕ್ಷರವೂ ಹತ್ತದ ಮಗು 19 ತಿಂಗಳು ಕಾದು ಕೊನೆಯದಾಗಿ ಬಂತು. ನಡುವೆ ಚಂದನ ವಾಹಿನಿಯ ಪಾಠಗಳಿದ್ದವು, ಚೆನ್ನಾಗಿಯೂ ಇದ್ದವು. ಆದರೆ ಡಿಶ್‌ಗೆ ರೀಚಾರ್ಜ್ ಮಾಡಿಸದ ಮನೆ, ಕರೆಂಟು ಹೋಗುವ ಹೊತ್ತು, ಅಪ್ಪನ ಜೊತೆ ಹೊಲಕ್ಕೆ ಹೋಗುವ ಒಂದೇ ಮೊಬೈಲು ಇವನ್ನೆಲ್ಲ ದಾಟಿ ಆ ಪಾಠ ತಲುಪಿದ್ದು ಕೆಲವರಿಗಷ್ಟೆ.

ಈಗ ತರಗತಿಯೊಳಗಿನ ಸ್ಥಿತಿ. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಕಪ್ಪುಹಲಗೆಯ ಮೇಲಿನ ಐದು ಸಾಲುಗಳನ್ನು ನೋಟ್‌ಬುಕ್ಕಿಗೆ ಅಂದವಾಗಿ ಇಳಿಸಿಕೊಂಡಿದ್ದಳು. ಅಕ್ಷರ ದುಂಡಗಿದ್ದವು, ಒಂದು ತಪ್ಪೂ ಇರಲಿಲ್ಲ. ಬೆರಳಿಟ್ಟು ಓದಮ್ಮ ಎಂದರೆ ಬೆರಳು ಮೊದಲ ಪದದ ಮೇಲೆಯೇ ನಿಂತಿತು. ಅವಳು ಬರೆದಿರಲಿಲ್ಲ, ಚಿತ್ರ ತೆಗೆದಿದ್ದಳು. ಇಂಥ ಮಕ್ಕಳು ಒಬ್ಬಿಬ್ಬರಲ್ಲ. ಕೆಲವರು ಸರಳ ಪದಗಳನ್ನು ಓದುತ್ತಾರೆ, ಒತ್ತಕ್ಷರ ಬಂದಲ್ಲಿ ನಿಂತು ಮುಖ ನೋಡುತ್ತಾರೆ. ಐದನೇ ತರಗತಿಯವರು ಕೂಡುವುದನ್ನು ಮಾಡುತ್ತಾರೆ. ಕಳೆಯುವಾಗ ದಶಕದಿಂದ ಕಡ ತರಬೇಕೆಂಬುದು ಮರೆತುಹೋಗಿ, ದೊಡ್ಡ ಅಂಕಿಯಿಂದ ಸಣ್ಣದನ್ನು ಮೇಲೆ ಕೆಳಗೆ ನೋಡದೆ ಕಳೆದುಬಿಡುತ್ತಾರೆ. ಅಜೀಂ ಪ್ರೇಮ್‌ಜಿ ಫೌಂಡೇಷನ್ ಈ ವರ್ಷದ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿದಾಗ, ಹಿಂದಿನ ವರ್ಷ ಬರುತ್ತಿದ್ದ ಭಾಷಾ ಕೌಶಲಗಳಲ್ಲಿ ಒಂದನ್ನಾದರೂ ಶೇ 92ರಷ್ಟು ಮಕ್ಕಳು ಕಳೆದುಕೊಂಡಿದ್ದರು. ಗಣಿತದಲ್ಲಿ ಇದು ಶೇ 82. ಆ ಅಧ್ಯಯನ ನಡೆದ ಮೇಲೆ ಮತ್ತೆ ಒಂಬತ್ತು ತಿಂಗಳು ಸಣ್ಣ ಮಕ್ಕಳ ಶಾಲೆ ಮುಚ್ಚಿಯೇ ಇತ್ತು.

ಇಷ್ಟಿದ್ದೂ ಮೇಲಿನಿಂದ ಬರುತ್ತಿರುವ ಪ್ರಶ್ನೆ ಒಂದೇ: ಪಾಠ ಎಲ್ಲಿಯವರೆಗೆ ಆಯಿತು? ಶಿಕ್ಷಕರು ಪಾಪ, ಆ ಪ್ರಶ್ನೆಗೆ ಉತ್ತರಿಸಲೆಂದೇ ನಾಲ್ಕನೇ ತರಗತಿಗೆ ನಾಲ್ಕನೇ ತರಗತಿಯ ಪಾಠವನ್ನು ಓಡಿಸುತ್ತಿದ್ದಾರೆ. 2020ರ ಮಾರ್ಚ್‌ನಲ್ಲಿ ಎರಡನೇ ತರಗತಿಯಲ್ಲಿದ್ದ ಮಗು ಈಗ ನಾಲ್ಕರಲ್ಲಿದೆ. ಅದು 1ರಿಂದ 3ನೇ ತರಗತಿಯವರೆಗಿನ ನಲಿ-ಕಲಿ ಎಂಬ ಕಲಿಕಾ ಪದ್ಧತಿಯ ಏಣಿಯನ್ನು ಅರ್ಧದಲ್ಲಿ ಬಿಟ್ಟು ಮನೆಗೆ ಹೋಯಿತು, ಮೂರನೇ ತರಗತಿಯ ಕೋಣೆಯನ್ನು ಕಾಣಲೇ ಇಲ್ಲ, ಬಂದು ಕುಳಿತದ್ದು ನಲಿ-ಕಲಿ ಇಲ್ಲದ ತರಗತಿಯಲ್ಲಿ. ತೊಂಬತ್ತರ ದಶಕದಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ಈ ನಲಿ-ಕಲಿ ಪದ್ಧತಿಯ ಗುಣವೇ ಇಂಥ ಸಂದರ್ಭಕ್ಕೆ ಒದಗುವಂಥದ್ದು. ಅಲ್ಲಿ ವಯಸ್ಸು, ತರಗತಿ ನೋಡುವುದಿಲ್ಲ. ಮಗು ಏಣಿಯ ಯಾವ ಮೆಟ್ಟಿಲಲ್ಲಿ ನಿಂತಿದೆಯೋ ಅಲ್ಲಿಂದ ಕಾರ್ಡು ಎತ್ತಿಕೊಳ್ಳುತ್ತದೆ. ಶಿಕ್ಷಕರ ಪೂರ್ಣ ಸಹಾಯ ಬೇಕಾದವರು ಒಂದು ಗುಂಪಿನಲ್ಲಿ, ಜೊತೆಯವರ ಸಹಾಯ ಸಾಕಾದವರು ಇನ್ನೊಂದರಲ್ಲಿ, ಸ್ವಕಲಿಕೆಯವರು ಮತ್ತೊಂದರಲ್ಲಿ ಕೂರುತ್ತಾರೆ. ವಾರಗಟ್ಟಲೆ ಶಾಲೆ ತಪ್ಪಿಸಿಕೊಂಡು ಬಂದ ಮಗುವಿಗೂ ಅವಮಾನವಿಲ್ಲದೆ ಸೇರಿಕೊಳ್ಳಲು ಅಲ್ಲಿ ಜಾಗವಿದೆ. ಈ ವರ್ಷ ಮತ್ತು ಮುಂದಿನ ವರ್ಷದ ಮಟ್ಟಿಗಾದರೂ 4 ಮತ್ತು 5ನೇ ತರಗತಿಗಳಿಗೆ ಕನ್ನಡ ಹಾಗೂ ಗಣಿತದಲ್ಲಿ ಇದೇ ರೀತಿ ಗುಂಪು ಮಾಡಿ ಕಲಿಸಲು ಇಲಾಖೆ ಲಿಖಿತ ಅನುಮತಿ ನೀಡಲಿ. ಹೊಸ ಪುಸ್ತಕ, ಹೊಸ ತರಬೇತಿ, ಹೊಸ ಹೆಸರಿನ ಯೋಜನೆ ಯಾವುದೂ ಬೇಕಾಗಿಲ್ಲ. ಕಾರ್ಡುಗಳು ಪಕ್ಕದ ಕೋಣೆಯಲ್ಲೇ ಇವೆ. ಸಿಲಬಸ್ ಮುಗಿಸದಿದ್ದರೆ ನೋಟಿಸು ಬರುವುದಿಲ್ಲವೆಂಬ ಧೈರ್ಯ ಕೊಟ್ಟರೆ ಉಳಿದದ್ದನ್ನು ಶಿಕ್ಷಕರು ನೋಡಿಕೊಳ್ಳುತ್ತಾರೆ.

ಊಟದ ವಿಷಯವಾಗಿ ಒಂದು ಮಾತು. ಬಿಸಿಯೂಟದ ಅಕ್ಷರ ದಾಸೋಹ ಯೋಜನೆ 2002ರಲ್ಲಿ ಮೊದಲು ಆರಂಭವಾದದ್ದೇ ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿದ ಈ ಕಡೆಯ ಏಳು ಜಿಲ್ಲೆಗಳಲ್ಲಿ. ಶಾಲೆ ಮುಚ್ಚಿದ್ದಾಗ ಅಕ್ಕಿ, ಬೇಳೆಯನ್ನು ಮನೆಗೆ ಕೊಟ್ಟರು, ನಿಜ. ಮನೆಗೆ ಬಂದ ಅಕ್ಕಿ ಮನೆಯ ಪಾತ್ರೆಗೆ ಬೀಳುತ್ತದೆ; ಆರು ಜನ ಇದ್ದಲ್ಲಿ ಆರು ಜನ ಉಣ್ಣುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಮಗುವಿನ ಪಾಲು ಆರರಲ್ಲಿ ಒಂದಕ್ಕೆ ಇಳಿಯುತ್ತದೆ. ಬಿಸಿಯೂಟ ಮಗುವಿನ ತಟ್ಟೆಗೇ ಬೀಳುತ್ತದೆ. 2021ರ ಈ ಡಿಸೆಂಬರ್‌ನಿಂದ ನಮ್ಮ ಮೂರೂ ಜಿಲ್ಲೆ ಸೇರಿ ಏಳು ಜಿಲ್ಲೆಗಳ 1ರಿಂದ 8ನೇ ತರಗತಿಯ ಮಕ್ಕಳಿಗೆ ತಿಂಗಳಿಗೆ 12 ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಕೊಡಲು ಸರ್ಕಾರ ಆದೇಶಿಸಿದೆ. ಇದಕ್ಕೆ ಕೆಲವು ಮಠಾಧೀಶರ ವಿರೋಧವಿದೆ. ತಿನ್ನುವ, ಬಿಡುವ ಆಯ್ಕೆ ಮಗುವಿಗೇ ಇರುವಾಗ ಈ ವಿರೋಧ ಯಾರ ಪರವಾಗಿ ಎಂಬುದು ನನಗೆ ಅರ್ಥವಾಗಿಲ್ಲ. ಮೊಟ್ಟೆ ಶುರುವಾದ ತಿಂಗಳಲ್ಲೇ ಶಾಲೆ ಮುಚ್ಚಿದರೆ ಆ ಆದೇಶವೂ ಕಡತದಲ್ಲೇ ಉಳಿಯುತ್ತದೆ.

ಶಿಕ್ಷಕರ ಭಯವನ್ನು ನಾನು ಹಗುರವಾಗಿ ಕಾಣುವವನಲ್ಲ. ಕಳೆದ ಏಪ್ರಿಲ್ 17ರ ಮಸ್ಕಿ ಉಪಚುನಾವಣೆಯ ಕರ್ತವ್ಯಕ್ಕೆ ಹೋಗಿ ಬಂದ ಮೇಲೆ ಸೋಂಕಿಗೆ ಬಲಿಯಾದ ಶಿಕ್ಷಕರು ಈ ಭಾಗದಲ್ಲಿದ್ದಾರೆ, ಅವರ ಕುಟುಂಬಗಳು ಇಲ್ಲೇ ಇವೆ. ಆಗ ಲಸಿಕೆ ಎಲ್ಲರನ್ನೂ ತಲುಪಿರಲಿಲ್ಲ. ಈಗ ಎರಡೂ ಡೋಸ್ ಪಡೆದವರಷ್ಟೇ ತರಗತಿಗೆ ಬರಬೇಕೆಂಬ ನಿಯಮವಿದೆ. ಮಕ್ಕಳಿಗೆ ಲಸಿಕೆ ಇನ್ನೂ ಬಂದಿಲ್ಲವೆಂಬ ಪಾಲಕರ ಅಳುಕೂ ಸಹಜವೇ. ಆದರೆ ಮಗುವಿನ ಮನೆಯಲ್ಲಿ ಲಸಿಕೆ ಹಾಕಿಸಿಕೊಳ್ಳದ ಹಿರಿಯರಿದ್ದರೆ ಅವರಿಗೆ ಲಸಿಕೆ ಕೊಡಿಸುವುದು ಶಾಲೆ ಮುಚ್ಚುವುದಕ್ಕಿಂತ ನೇರವಾದ ಉಪಾಯ, ಆಶಾ ಕಾರ್ಯಕರ್ತೆಯರಿಗೆ ಅಂಥ ಮನೆ ಯಾವುದೆಂಬುದು ಗೊತ್ತೇ ಇದೆ.

ಮುಚ್ಚಲೇಬೇಕಾದ ಸಂದರ್ಭ ಬಂದರೆ ಶಾಲೆಯನ್ನೇ ಘಟಕವಾಗಿ ಇಟ್ಟುಕೊಳ್ಳಲಿ. ಆಗಸ್ಟ್‌ನಲ್ಲಿ ತೆರೆಯುವಾಗ ಪಾಸಿಟಿವಿಟಿ ಶೇ 2ಕ್ಕಿಂತ ಕಡಿಮೆಯಿರುವ ಜಿಲ್ಲೆಗಳೆಂಬ ಅಳತೆ ಇಟ್ಟುಕೊಂಡಿದ್ದರು. ರಾಜ್ಯಕ್ಕಿಂತ ಜಿಲ್ಲೆ ವಾಸಿ. ಆದರೂ ರಾಯಚೂರು ನಗರದಲ್ಲೋ ಶಕ್ತಿನಗರದಲ್ಲೋ ಪ್ರಕರಣ ಏರಿದರೆ ನೂರು ಕಿಲೊಮೀಟರ್ ಆಚೆಯ ಮುದಗಲ್ ಕಡೆಯ ಹಳ್ಳಿಯ ಶಾಲೆ ಏಕೆ ಮುಚ್ಚಬೇಕು? ಧಾರವಾಡ, ಚಿಕ್ಕಮಗಳೂರಿನ ಪ್ರಕರಣಗಳು ಬಹುಮಟ್ಟಿಗೆ ಒಂದೇ ಸೂರಿನಡಿ ಉಂಡು ಮಲಗುವ ವಿದ್ಯಾರ್ಥಿಗಳವು. ಕಿಟಕಿ ತೆರೆದ ಕೋಣೆಯಲ್ಲಿ, ಬೇವಿನ ಮರದ ಕೆಳಗೆ ಕುಳಿತು ಸಂಜೆ ಮನೆಗೆ ಹೋಗುವ ಹಳ್ಳಿ ಮಕ್ಕಳಿಗೆ ಅದೇ ಅಳತೆ ಹಿಡಿಯುವುದು ಸರಿಯಲ್ಲ. ಸೋಂಕು ಕಂಡ ಶಾಲೆಯನ್ನು ಒಂದು ವಾರ ನಿಲ್ಲಿಸಿ, ಪರೀಕ್ಷೆ ಮಾಡಿಸಿ, ಮತ್ತೆ ತೆರೆಯುವ ಅಧಿಕಾರವನ್ನು ತಾಲ್ಲೂಕು ಮಟ್ಟದ ಶಿಕ್ಷಣ ಹಾಗೂ ಆರೋಗ್ಯ ಅಧಿಕಾರಿಗಳಿಗೆ ಕೊಡಬೇಕು. ಆ ಒಂದು ವಾರವೂ ಅಡುಗೆಮನೆ ನಿಲ್ಲಬಾರದು. ಕಳೆದ ವರ್ಷ ಆಗಸ್ಟ್‌ನಲ್ಲಿ ಆರಂಭಿಸಿ ಅಕ್ಟೋಬರ್‌ನಲ್ಲಿ ನಿಲ್ಲಿಸಿದ, ಓಣಿ ಓಣಿಗೆ ಹೋಗಿ ಪಾಠ ಮಾಡುವ ವಿದ್ಯಾಗಮ ಕಾರ್ಯಕ್ರಮದ ಅನುಭವ ಶಿಕ್ಷಕರಿಗಿದೆ. ಗುಡಿಯ ಕಟ್ಟೆ, ಸಮುದಾಯ ಭವನ, ಯಾವ ಓಣಿಗೆ ಯಾರು ಎಂಬ ಪಟ್ಟಿಯನ್ನು ಪ್ರತಿ ಶಾಲೆಯೂ ಈಗಲೇ ಸಿದ್ಧಮಾಡಿ ಇಟ್ಟುಕೊಂಡರೆ ಮುಚ್ಚಿದ ಮರುದಿನವೇ ಸಣ್ಣ ಗುಂಪುಗಳಲ್ಲಿ ಪಾಠ ಮುಂದುವರಿಯಬಹುದು.

ಹಣದ ಕೊರತೆಯೆಂದು ಯಾರೂ ಹೇಳುವಂತಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಗಿನ 1,500 ಕೋಟಿ ರೂಪಾಯಿಯ ಬದಲು ಮುಂದಿನ ವರ್ಷದಿಂದ 3,000 ಕೋಟಿ ಕೊಡುವುದಾಗಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು 2021ರ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಘೋಷಿಸಿದ್ದಾರೆ. ಅದರಲ್ಲಿ ಒಂದು ಪಾಲನ್ನು ಕಟ್ಟಡಗಳ ಬದಲು, ಖಾಲಿ ಹುದ್ದೆಗಳಿರುವ ಶಾಲೆಗಳಿಗೆ ಊರಿನದೇ ಓದಿದ ಹೆಣ್ಣುಮಕ್ಕಳನ್ನು ಅತಿಥಿ ಶಿಕ್ಷಕಿಯರಾಗಿ ತೆಗೆದುಕೊಳ್ಳಲು ಬಳಸಲಿ. ಅದಕ್ಕಿಂತ ತುರ್ತಾದದ್ದು, ಗುಳೆ ಹೋಗುವ ಕುಟುಂಬಗಳ ಮಕ್ಕಳಿಗೆ ಊರಲ್ಲೇ ಉಳಿಯಲು ಋತುಮಾನ ವಸತಿ ವ್ಯವಸ್ಥೆ. ದೇವದುರ್ಗ, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲಿ ಇದನ್ನು ಕೂಡಲೇ ಆರಂಭಿಸಬೇಕು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ (ಭೂತಾಯಿಗೆ ನೈವೇದ್ಯ) ಚೆಲ್ಲಿದ ಮೇಲೆ ಈ ಕುಟುಂಬಗಳು ಗಂಟುಮೂಟೆ ಕಟ್ಟುತ್ತವೆ. ಈ ಸಲ ಆ ದಿನ 2022ರ ಜನವರಿ 2ಕ್ಕೆ ಬಂದಿದೆ. ಆದೇಶ ಅದಕ್ಕೂ ಮೊದಲೇ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕೈಸೇರುವಂತೆ ಜಿಲ್ಲಾಡಳಿತ ನೋಡಿಕೊಳ್ಳಬೇಕೆಂದು ಕೋರುತ್ತೇನೆ.

ಇಂತಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ,
ಮಾನ್ವಿ ತಾಲ್ಲೂಕು, ರಾಯಚೂರು ಜಿಲ್ಲೆ