ಹೊಲ ಒಲ್ಲೆ ಎಂದ ಹಿರಿಮಗ

ಪ್ರಿಯ ಮಂಜು,

ಮೊನ್ನೆ ಫೋನಿನಲ್ಲಿ ಅಪ್ಪನ ಹೊಲ ನೋಡಿಕೊಳ್ಳುವ ಮಾತು ಬಂದಾಗ ನೀನು "ಹಿರಿಮಗನಾಗಿ ಮಾತ್ರ ಹುಟ್ಟಬಾರದು ಕಣೋ" ಅಂದೆಯಲ್ಲ, ಆಗ ನಾನು ಸುಮ್ಮನಿದ್ದೆ. ಏನು ಹೇಳಬೇಕೋ ತೋಚಲಿಲ್ಲ. ಫೋನಿಟ್ಟ ಮೇಲೆ ನಾರ್ವೆಯ ಒಬ್ಬ ಲೇಖಕ ನೆನಪಾದ. ತಾರ್ಯೈ ವೇಸೋಸ್ ಅಂತ. ಅದಕ್ಕೇ ಈ ಪತ್ರ.

ಹುಟ್ಟಿದ್ದು 1897ರಲ್ಲಿ, ಟೆಲೆಮಾರ್ಕ್ ಸೀಮೆಯ ವಿನ್ಯೆ ಎಂಬಲ್ಲಿ. ಗುಡ್ಡ, ಕಾಡು, ಕೆರೆ, ಮುಗಿಯದ ಹಿಮಗಾಲ. ಮೂವರು ಗಂಡುಮಕ್ಕಳಲ್ಲಿ ಇವನೇ ದೊಡ್ಡವನು. ಆಗ ಅಲ್ಲಿದ್ದ ಹಳೆಯ ಕಟ್ಟಳೆ ಏನೆಂದರೆ, ಜಮೀನು ಹಿರಿಮಗನಿಗೆ. ನಮ್ಮ ಹಾಗೆ ಪಾಲು ಮಾಡುತ್ತಿರಲಿಲ್ಲ. ಕೇಳಲಿಕ್ಕೆ ಅದೃಷ್ಟ ಅನ್ನಿಸುತ್ತದೆ, ಅಲ್ವಾ? ಆದರೆ ಒಲ್ಲೆ ಅಂದರೆ ಒಂದು ತುಂಡು ನೆಲ ಬಿಟ್ಟಂತಲ್ಲ, ತಲೆಮಾರುಗಳಿಂದ ಬಂದ ಮನೆಯನ್ನೇ ಬಿಟ್ಟಂತೆ. ವೇಸೋಸ್ ಒಲ್ಲೆ ಅಂದ. ಅಪ್ಪ ಮಾತು ಕಮ್ಮಿಯ ಮನುಷ್ಯ. ಬೈಯುವ ಅಪ್ಪನಾದರೆ ತಿರುಗಿ ಬೈಯಬಹುದು, ಸುಮ್ಮನಿರುವ ಅಪ್ಪನನ್ನು ಏನು ಮಾಡುತ್ತೀಯ? ತಪ್ಪು ಮಾಡಿದೆ ಎಂಬ ಅಳುಕು ಅವನನ್ನು ಕೊನೆವರೆಗೂ ಬಿಡಲಿಲ್ಲ.

ಓದಿದ್ದೂ ಜಾಸ್ತಿ ಇಲ್ಲ. ವೊಸ್ ಎಂಬ ಊರಿನ ಜನಪದ ಶಾಲೆಯಲ್ಲಿ (ಬೆಳೆದ ಹುಡುಗರು ಪರೀಕ್ಷೆಯ ಗೋಜಿಲ್ಲದೆ ಓದುವ ಶಾಲೆ) ಒಂದು ಚಳಿಗಾಲ, 1917-18ರಲ್ಲಿ. 1923ರಲ್ಲಿ ಮೊದಲ ಕಾದಂಬರಿ ಬಂತು. ಬರೆದದ್ದು ನ್ಯೂನೋರ್ಸ್ಕ್‌ನಲ್ಲಿ. ಇದನ್ನು ಸ್ವಲ್ಪ ಹೇಳಬೇಕು. ನಾರ್ವೆಯನ್ನು ಡೆನ್ಮಾರ್ಕ್ ನಾಲ್ಕು ಶತಮಾನದಷ್ಟು ಆಳಿತ್ತು. ಹಾಗಾಗಿ ಬರೆಯುವ ಭಾಷೆ ಡೇನಿಶ್, ಆಡುವುದು ಊರೂರಿನ ಮಾತು. 19ನೇ ಶತಮಾನದಲ್ಲಿ ಈವಾರ್ ಓಸೆನ್ ಎಂಬಾತ ಹಳ್ಳಿ ಹಳ್ಳಿ ಸುತ್ತಿ, ಆ ಮಾತುಗಳನ್ನೇ ಕೂಡಿಸಿ ಒಂದು ಬರಹದ ಭಾಷೆ ಕಟ್ಟಿದ. ಅದೇ ಮುಂದೆ ನ್ಯೂನೋರ್ಸ್ಕ್ ಆಯಿತು. ಇವತ್ತಿಗೂ ಅದರಲ್ಲಿ ಬರೆಯುವವರು ಕಮ್ಮಿಯೇ. ಹೊಲ ಬಿಟ್ಟವನು ಹೊಲದವರ ಮಾತು ಬಿಡಲಿಲ್ಲ ನೋಡು.

1934ರಲ್ಲಿ ಹಾಲ್ದಿಸ್ ಮೂರೆನ್ ಎಂಬ ಕವಿಯನ್ನು ಮದುವೆಯಾದ. ಅಷ್ಟರಲ್ಲಿ ಯುರೋಪ್ ಸುತ್ತಿ ಬಂದಿದ್ದ. ಸಂಸಾರ ಹೂಡಿದ್ದೆಲ್ಲಿ ಗೊತ್ತಾ? ಅದೇ ವಿನ್ಯೆಯಲ್ಲಿ, ಮಿತ್‌ಬೋ ಎಂಬ ಹೊಲಮನೆಯಲ್ಲಿ. ಓಡಿಹೋದ ಮಗ ಕೊನೆಗೂ ಅಪ್ಪನ ಊರಲ್ಲೇ ಕೂತ, ಕೈಯಲ್ಲಿ ಪೆನ್ನು ಅಷ್ಟೇ ಬೇರೆ. ಜರ್ಮನರು ದೇಶ ಹಿಡಿದಿದ್ದ ವರ್ಷಗಳಲ್ಲಿ ಬರೆದ ಒಂದು ಕಾದಂಬರಿಯನ್ನು ಬಚ್ಚಿಟ್ಟಿದ್ದ. ಯುದ್ಧ ಮುಗಿದ ಮೇಲೆ, 1945ರಲ್ಲಿ, ಅಚ್ಚಾಯಿತು.

ನನಗೆ ಮುಖ್ಯವಾದದ್ದು 1957ರ 'ಫುಗ್ಲಾನೆ'. ಅಂದರೆ 'ಹಕ್ಕಿಗಳು'. ಮತ್ತಿಸ್ ಎಂಬವನಿಗೆ ಮೂವತ್ತೇಳು ವರ್ಷ, ಬುದ್ಧಿ ಮಗುವಿನದು. ಅಕ್ಕ ಸ್ವೆಟರ್ ಹೆಣೆದು ಅವನನ್ನು ಸಾಕುತ್ತಾಳೆ. ಅಕ್ಕನ ಹೆಸರು ಹೇಗೆ. ಪ್ರಶ್ನೆಯಲ್ಲ ಮಾರಾಯ, ಹೆಸರೇ ಅದು! ಒಂದು ಸಂಜೆ ವುಡ್‌ಕಾಕ್ ಎಂಬ ಉದ್ದ ಕೊಕ್ಕಿನ ಕಾಡುಹಕ್ಕಿಯೊಂದು ಇವರ ಮನೆಯ ಮೇಲೆ ಹಾರುತ್ತದೆ. ಮಲಗಿದ ಅಕ್ಕನನ್ನು ಮತ್ತಿಸ್ ಎಬ್ಬಿಸುತ್ತಾನೆ. ಅವಳಿಗೆ ನಿದ್ದೆ, ಅವನಿಗೆ ಬದುಕೇ ಬದಲಾದಂತೆ. ಮರುದಿನಗಳಲ್ಲಿ ಕೆಸರಿನ ಮೇಲೆ ಹಕ್ಕಿಯ ಕೊಕ್ಕಿನ ಗುರುತು ಕಾಣುತ್ತದೆ. ಅದು ತನಗೆ ಬರೆದ ಪತ್ರ ಅಂದುಕೊಂಡು, ಕಡ್ಡಿ ತಗೊಂಡು ಪಕ್ಕದಲ್ಲೇ ಉತ್ತರ ಬರೆಯುತ್ತಾನೆ.

ಆದರೆ ನನ್ನನ್ನು ಕಾಡುವುದು ಅದೇ ಕಾದಂಬರಿಯ ಟರ್ನಿಪ್ ಗೆಡ್ಡೆಯ ಹೊಲ. ಒತ್ತಾದ ಸಸಿ ಕಿತ್ತು ಸಾಲು ತೆಳುವು ಮಾಡುವ ಕೂಲಿ. ಎಲ್ಲರ ಕೈ ಸರಸರ ಮುಂದೆ ಹೋಗುತ್ತದೆ. ಮತ್ತಿಸ್‌ನ ಯೋಚನೆಗಳು ಬೆರಳಿಗೆ ಸುತ್ತಿಕೊಳ್ಳುತ್ತವೆ, ಅವನು ಹಿಂದೆ ಉಳಿಯುತ್ತಾನೆ. ಯಾರೂ ಬೈಯುವುದಿಲ್ಲ. ಊಟ ಹಾಕುತ್ತಾರೆ, ಪಾಪ ಅನ್ನುವ ಹಾಗೆ ನೋಡುತ್ತಾರೆ. ಹೊಲದಲ್ಲಿ ಕೈ ಸಾಗದ ಮನುಷ್ಯನ ನಾಚಿಕೆಯನ್ನು ಇಷ್ಟು ಹತ್ತಿರದಿಂದ ಯಾರು ಬರೆದಾರು? ಹೊಲ ಬಿಟ್ಟ ಹಿರಿಮಗನೇ ಬರೆಯಬೇಕು. ಇದು ನನ್ನ ಓದು, ಒಪ್ಪದಿದ್ದರೆ ಜಗಳ ಆಡು.

'ಹಿಮದ ಅರಮನೆ' ಬಂದದ್ದು 1963ರಲ್ಲಿ. ಹನ್ನೊಂದು ವರ್ಷದ ಇಬ್ಬರು ಹುಡುಗಿಯರು, ಹೆಪ್ಪುಗಟ್ಟಿದ ಜಲಪಾತ. ಒಬ್ಬಳು ಅದರೊಳಗೆ ಹೋಗುತ್ತಾಳೆ, ಇನ್ನೊಬ್ಬಳು ಉಳಿಯುತ್ತಾಳೆ. ಮುಂದೆ ಹೇಳಲ್ಲ. ಇದಕ್ಕೆ ಉತ್ತರ ಯುರೋಪಿನ ದೇಶಗಳು ಸೇರಿ ಕೊಡುವ ನಾರ್ಡಿಕ್ ಕೌನ್ಸಿಲ್ ಸಾಹಿತ್ಯ ಪ್ರಶಸ್ತಿ 1964ರಲ್ಲಿ ಬಂತು. ಅದಕ್ಕೂ ಮುಂಚೆ 1953ರಲ್ಲಿ ಒಂದು ಕಥಾಸಂಕಲನಕ್ಕೆ ವೆನಿಸ್ ಪ್ರಶಸ್ತಿ ಬಂದಿತ್ತು. ನೊಬೆಲ್‌ಗೆ ಎಷ್ಟೋ ಸಲ ಹೆಸರು ಹೋಯಿತು, ಸಿಗಲಿಲ್ಲ. ನಾರ್ಡಿಕ್ ಪ್ರಶಸ್ತಿಯ ಹಣದಲ್ಲಿ ಮೊದಲ ಪುಸ್ತಕ ಬರೆಯುವ ಹೊಸಬರಿಗಾಗಿ ಒಂದು ಬಹುಮಾನ ಹುಟ್ಟುಹಾಕಿದ. ಅವನು 1970ರಲ್ಲಿ ಹೋದ. ಆ ಬಹುಮಾನ ಈಗಲೂ ನಡೆಯುತ್ತಿದೆ.

ನನ್ನ 'ಹಕ್ಕಿಗಳು' ಪ್ರತಿಯನ್ನು ನಿನಗೆ ಕಳಿಸುತ್ತಿದ್ದೇನೆ. ಇಂಗ್ಲಿಷ್ ಅನುವಾದ, ಸಲೀಸಾಗಿದೆ. ಟರ್ನಿಪ್ ಹೊಲ ಬರುವ ಕಡೆ ಒಂದು ಬಸ್ ಟಿಕೆಟ್ ಇಟ್ಟಿದ್ದೇನೆ. ಅಲ್ಲಿವರೆಗೆ ಓದಿ ಫೋನ್ ಮಾಡು. ಅಪ್ಪನ ಹತ್ತಿರ ಮಾತಾಡುವುದು ಅದಾದ ಮೇಲೆ ಇರಲಿ.

ನಿನ್ನ,
ಎರಡನೇ ಮಗನಾಗಿ ಹುಟ್ಟಿ ಬಚಾವಾದ ಗೆಳೆಯ