ಎದೆಬಡಿತದ ಹಿಂದೆ ದುಡಿಯುವವರು

ಮಾನ್ಯರೇ,

ಅಮ್ಮನ ನಾಡಿ ಹಿಡಿದರೆ ಎರಡು ಬಡಿತ ಒಟ್ಟಿಗೆ ಓಡಿ, ಮೂರನೆಯದು ಎಲ್ಲೋ ತಡವಾಗುತ್ತಿತ್ತು. ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಅದುರುವ ಈ ತೊಂದರೆಯಿಂದ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯುವೂ ಆಗಬಹುದೆಂದು ಆಮೇಲೆ ತಿಳಿಯಿತು. ಹೃದಯದ ವಿದ್ಯುತ್ ಅಲೆಗಳು ಸುರುಳಿ ಸುತ್ತಿ, ಒಡೆದು, ಲಯ ಕೆಡಿಸುವ ಬಗೆಯನ್ನು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ ಅಧ್ಯಯನ ಮಾಡಿದ್ದಾರೆ. ಹೃದಯವನ್ನು ಅರಿಯುವ ಕೆಲಸ ವೈದ್ಯರದ್ದಷ್ಟೇ ಅಲ್ಲ ಎಂಬುದು ಎಷ್ಟು ಜನಕ್ಕೆ ಗೊತ್ತು? ಪ್ರಶಸ್ತಿ ಬಂದಾಗ ನಿಮ್ಮ ಪತ್ರಿಕೆಯಲ್ಲಿ ಪ್ರಾಧ್ಯಾಪಕರ ಫೋಟೊ ಹಾಕುತ್ತೀರಿ, ಸಂತೋಷ. ಇಂಥ ಪ್ರಯೋಗಾಲಯಗಳಲ್ಲಿ ಹಗಲೂರಾತ್ರಿ ದುಡಿಯುವ ಸಂಶೋಧನಾ ವಿದ್ಯಾರ್ಥಿಗಳನ್ನೂ ದಯವಿಟ್ಟು ಕನ್ನಡದಲ್ಲಿ ಮಾತಾಡಿಸಿ. ಓದಲು ನಮ್ಮ ಮನೆಯಲ್ಲೇ ಪಿಯುಸಿ ವಿಜ್ಞಾನದ ಹುಡುಗಿಯೊಬ್ಬಳಿದ್ದಾಳೆ.

– ನಿಮ್ಮ ಓದುಗ, ಮಲ್ಲೇಶ್ವರ, ಬೆಂಗಳೂರು