ಲಕ್ಕುಂಡಿ ಪ್ರವಾಸ: ಆರನೇ, ಏಳನೇ ತರಗತಿ ಪೋಷಕರಿಗೆ

ಎಲ್ಲ ಪೋಷಕರಿಗೂ ನಮಸ್ಕಾರ.

ಬರುವ ಮಂಗಳವಾರ ಆರನೇ, ಏಳನೇ ತರಗತಿ ಮಕ್ಕಳನ್ನು ಲಕ್ಕುಂಡಿಗೆ ಕರೆದುಕೊಂಡು ಹೋಗುತ್ತೇವೆ. ಬೆಳಿಗ್ಗೆ ಒಂಬತ್ತಕ್ಕೆ ಬಸ್ಸು, ಸಂಜೆ ನಾಲ್ಕರೊಳಗೆ ವಾಪಸ್. ಗದಗಿನಿಂದ ಸುಮಾರು 12 ಕಿಲೋಮೀಟರ್ ಅಷ್ಟೇ. ಬುತ್ತಿ, ನೀರು ಕೊಟ್ಟು ಕಳಿಸಿ. ಇದಿಷ್ಟಕ್ಕೆ ಪತ್ರ ಬೇಕಿರಲಿಲ್ಲ, ಡೈರಿಯಲ್ಲಿ ಬರೆಸಿದ್ದರೆ ಸಾಕಿತ್ತು.

ಹೋದ ವರ್ಷ ನಮ್ಮ ಜೊತೆ ಬಂದಿದ್ದ ಪೋಷಕರೊಬ್ಬರು ಮರುದಿನ ಗ್ರೂಪಿನಲ್ಲಿ ಹಾಕಿದ ಮೆಸೇಜು ನಿಮಗೂ ನೆನಪಿರಬಹುದು. "ಇಂಗ್ಲಿಷ್ ಕಲಸ್ತೀವಿ ಅಂತ ಕರ್ಕೊಂಡು ಹೋಗಿ ಹುಡುಗ್ರನ್ನ ಕನ್ನಡದಾಗ ಹರಟಿ ಹೊಡಿಯಾಕ ಬಿಟ್ಟಿದ್ರು." ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಹೊಟ್ಟೆ ಬಟ್ಟೆ ಕಟ್ಟಿ ಮಕ್ಕಳನ್ನು ಇಂಗ್ಲಿಷ್ ವಿಭಾಗಕ್ಕೆ ಸೇರಿಸಿದ್ದೀರಿ. ಏನು ಮಾಡುತ್ತಿದ್ದೇವೆ ಅಂತ ನಿಮಗೆ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ, ಅದು ನಮ್ಮ ತಪ್ಪು. ಆದರೆ ಮಾಡಿದ್ದು ತಪ್ಪಲ್ಲ. ಈ ಸಲವೂ ಹಾಗೇ ಮಾಡುತ್ತೇವೆ. ಮೊದಲು ಕನ್ನಡದಲ್ಲಿ ಮಾತಾಡಲಿ, ಆಮೇಲೆ ಇಂಗ್ಲಿಷ್.

ಅವತ್ತು ನಾನೂ ಅಲ್ಲೇ ಇದ್ದೆ. ಲಕ್ಕುಂಡಿಯ ಜೈನ ಬಸದಿಯೊಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿ ಇದೆಯಲ್ಲ, ಅದರ ಮುಂದೆ ಆರನೇ ತರಗತಿ ಹುಡುಗಿಯೊಬ್ಬಳು ಬೆರಳು ಮಡಚಿ ಎಣಿಸುತ್ತಾ ನಿಂತಿದ್ದಳು. "ಮೂರ ಅದಾವಲ್ರೀ ಸರ್, ನಾಲ್ಕನೇದ ಎಲ್ಲೈತ್ರೀ?" ಅಂದಳು. ಪಕ್ಕದ ಹುಡುಗ ಒಡೆದು ಹೋಗಿರಬೇಕು ಅಂದ. ಇನ್ನೊಬ್ಬ ಕಂಬದ ಹತ್ತಿರ ಹೋಗಿ ಕತ್ತು ಉದ್ದ ಮಾಡಿ ಇಣುಕಿದ. ಹತ್ತು ನಿಮಿಷ ವಾದ, ಎಲ್ಲಾ ಕನ್ನಡದಲ್ಲೇ. ಅದೇ ಆ ಪೋಷಕರ ಕಣ್ಣಿಗೆ ಬಿದ್ದಿದ್ದು. ಅವರು ಹೊರಗೆ ಹೋದ ಮೇಲೆ ನಮ್ಮ ಇಂಗ್ಲಿಷ್ ಅಕ್ಕೋರು "ಈಗ ಇಂಗ್ಲಿಷಿನಲ್ಲಿ ಹೇಳು" ಅಂದರು. ಅವಳು ಸ್ವಲ್ಪ ತಡೆದು, "ಐ ಸೀ ಥ್ರೀ ಫೇಸಸ್. ಐ ಥಿಂಕ್ ಒನ್ ಈಸ್ ಬಿಹೈಂಡ್" ಅಂದಳು. ಆ 'ಬಿಹೈಂಡ್' ಅನ್ನು ಬೆಕ್ಕು, ಪೆಟ್ಟಿಗೆ ಚಿತ್ರ ಹಾಕಿ ಎರಡು ವಾರ ಕಲಿಸಿದ್ದೆವು. ಒಬ್ಬರ ಬಾಯಿಗೂ ಬಂದಿರಲಿಲ್ಲ.

'ಬರೀ ಇಂಗ್ಲಿಷ್' ಅಂದ ಕೂಡಲೇ ಏನಾಗುತ್ತದೆ ಅಂತ ನಾವು ದಿನಾ ನೋಡುತ್ತೇವೆ. ಅದೇ ಇಬ್ಬರು ಉತ್ತರ ಹೇಳುತ್ತಾರೆ. ಉಳಿದವರು ಬೋರ್ಡಿನ ಮೇಲಿದ್ದ ಇಂಗ್ಲಿಷನ್ನು ಅಕ್ಷರ ಬಿಡದೆ ನೋಟ್‌ಬುಕ್ಕಿಗೆ ಇಳಿಸಿಕೊಂಡು ಸುಮ್ನಾಗುತ್ತಾರೆ. ಕೇಳಿದರೆ ಒಂದು ಪದದ ಅರ್ಥವೂ ಗೊತ್ತಿರುವುದಿಲ್ಲ.

ಹಾಗಂತ ಇಂಗ್ಲಿಷ್ ಬಿಟ್ಟಿಲ್ಲ. ಪಿಲ್ಲರ್, ಕಾರ್ವಿಂಗ್, ಬ್ರೋಕನ್, ಇಂಥ ಹನ್ನೆರಡು ಪದ ಈ ವಾರವೇ ಫೋಟೋ ತೋರಿಸಿ ಕಲಿಸುತ್ತಿದ್ದೇವೆ. ಬಸದಿ ಪಕ್ಕದ ಮ್ಯೂಸಿಯಂನಲ್ಲಿ ಎಲ್ಲಾ ಮೂರ್ತಿ ನೋಡಿ ಮುಗಿಸುವ ಓಟ ಇರುವುದಿಲ್ಲ. ಇಬ್ಬಿಬ್ಬರಿಗೆ ಒಂದು ಮೂರ್ತಿ. ಅದರ ಮುಂದೆ ಕೂತು ಚಿತ್ರ ಬರೆಯಬೇಕು, ಮಾತಾಡಬೇಕು, ಕೊನೆಗೆ ಐದು ವಾಕ್ಯ ಇಂಗ್ಲಿಷಿನಲ್ಲಿ ಬರೆಯಬೇಕು. ತಪ್ಪಿದ್ದರೂ ಪರವಾಗಿಲ್ಲ, ಅವರದೇ ಆಗಿರಬೇಕು. ಮುಂದಿನ ಶನಿವಾರ ಅದನ್ನೇ ನಿಮ್ಮೆದುರು ಹೇಳಿಸುತ್ತೇವೆ, ಬಂದು ಕೇಳಿ.

ಕನ್ನಡ ಮಾತಾಡಿದರೆ ದಂಡ ಹಾಕಿ ಅಂತ ಇಬ್ಬರು ಪೋಷಕರು ಹೇಳಿದ್ದಾರೆ. ಪ್ರೀತಿಯಿಂದಲೇ ಹೇಳಿದ್ದಾರೆ, ಗೊತ್ತು. ಆದರೆ ಆಗುವುದಿಲ್ಲ. ಅದೂ ಲಕ್ಕುಂಡಿಯಲ್ಲಿ! ಪೊನ್ನನ ಕನ್ನಡ ಕಾವ್ಯ ಶಾಂತಿಪುರಾಣವನ್ನು ಓಲೆಗರಿಯ ಮೇಲೆ 1000 ಪ್ರತಿ ಬರೆಸಿ ಹಂಚಿದ ಅತ್ತಿಮಬ್ಬೆ, 1007ರ ಹೊತ್ತಿಗೆ ಕಟ್ಟಿಸಿದ ಬಸದಿ ಅದು. ಅದರ ಕಟ್ಟೆ ಮೇಲೆ ಕೂತು ಕನ್ನಡಕ್ಕೆ ಹತ್ತು ರೂಪಾಯಿ ದಂಡದ ಪಾವತಿ ಹರಿಯೋಕೆ ನನ್ನ ಕೈಲಿ ಆಗಲ್ಲ.

ಅನುಮಾನ ಉಳಿದಿದ್ದರೆ ಸಂಜೆ ಶಾಲೆಗೆ ಬನ್ನಿ, ಚಹಾ ಕುಡಿಯುತ್ತಾ ಮಾತಾಡೋಣ. ಮಕ್ಕಳ ಕೈಗೆ ಮೊಬೈಲ್ ಬೇಡ. ಖರ್ಚಿಗೆ ಇಪ್ಪತ್ತು ರೂಪಾಯಿಗಿಂತ ಜಾಸ್ತಿ ಬೇಡ.

ಒಪ್ಪಿಗೆ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ಕಳಿಸಿ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯ